ಏಳದ ಹೊಗೆಯನ್ನು ತೂಗುವವರು

ಅಡುಗೆಮನೆಯ ಮೂಲೆಯಲ್ಲಿ ಒಂದು ಹೊರೆ ಸೌದೆ. ಬಂದವರು ಅದನ್ನು ಹಗ್ಗದಲ್ಲಿ ಕಟ್ಟಿ ಕೊಕ್ಕೆ ತಕ್ಕಡಿಗೆ ನೇತುಹಾಕುತ್ತಾರೆ. ಮುಳ್ಳು ಎಲ್ಲಿ ನಿಂತಿತೋ ಬರೆದುಕೊಳ್ಳುತ್ತಾರೆ. ಎರಡು ಸೂಜಿ ಇರುವ ಸಣ್ಣ ಮೀಟರನ್ನು ಸೌದೆಗೆ ಚುಚ್ಚಿ ಎಷ್ಟು ಹಸಿ ಇದೆ, ಎಷ್ಟು ಒಣಗಿದೆ ನೋಡುತ್ತಾರೆ. ಆಮೇಲೆ ಮನೆಯಾಕೆಗೆ ಹೇಳುತ್ತಾರೆ: "ಅಮ್ಮ, ನಾಳೆ ಇದೇ ಹೊತ್ತಿಗೆ ಬರ್ತೀವಿ. ಅಲ್ಲೀತನಕ ಈ ಹೊರೆಯಿಂದಲೇ ಸೌದೆ ತಗೊಳ್ಳಿ. ನಾವು ಬಂದಿದೀವಿ ಅಂತ ಜಾಸ್ತಿನೂ ಬೇಡ, ಕಮ್ಮಿನೂ ಬೇಡ. ದಿನಾ ಹೇಗೆ ಅಡುಗೆ ಮಾಡ್ತೀರೋ ಹಾಗೇ ಮಾಡಿ." ಮಾರನೇ ದಿನ ಬಂದು ಉಳಿದದ್ದನ್ನು ತೂಗುತ್ತಾರೆ. ಮನೆಯಲ್ಲಿ ಉಂಡವರು ಎಷ್ಟು ಜನ, ಅದರಲ್ಲಿ ಮಕ್ಕಳೆಷ್ಟು, ನೆಂಟರು ಬಂದಿದ್ರಾ ಎಂದು ಕೇಳಿ ಅದನ್ನೂ ಬರೆಯುತ್ತಾರೆ. ಹೀಗೆ ಕನಿಷ್ಠ ಮೂರು ದಿನ.

ಈ ಪರೀಕ್ಷೆಗೆ ಕಿಚನ್ ಪರ್ಫಾರ್ಮೆನ್ಸ್ ಟೆಸ್ಟ್ ಎಂದು ಹೆಸರು. ಒಂದು ಕಡೆ ಹೊಗೆ ತಗ್ಗಿಸಿದ್ದಕ್ಕೆ ರಸೀದಿ ಬರೆದು, ಬೇರೆ ಕಡೆ ಹೊಗೆ ಬಿಡುವವರಿಗೆ ಅದನ್ನು ಮಾರುವುದೇ ಕಾರ್ಬನ್ ಕ್ರೆಡಿಟ್. ಆ ದೊಡ್ಡ ವ್ಯಾಪಾರದ ಬುಡದಲ್ಲಿ ಇರುವುದು ಇಂಥ ಕೆಲಸಗಳೇ. ದೂರದ ದೇಶದ ಯಾವುದೋ ಕಂಪನಿ "ನಾವು ಕಾರ್ಬನ್ ನ್ಯೂಟ್ರಲ್" ಎಂದು, ಅಂದರೆ ಬಿಟ್ಟ ಹೊಗೆಯನ್ನೆಲ್ಲ ಸರಿದೂಗಿಸಿದ್ದೇವೆ ಎಂದು, ಜಾಹೀರಾತು ಹಾಕುತ್ತದೆ. ಅದರ ಹಿಂದೆ ಎಷ್ಟೋ ಸಲ ಒಂದು ಹಳ್ಳಿಯ ಒಲೆ ಇರುತ್ತದೆ. ಆ ಒಲೆಯ ಮುಂದೆ ಯಾರೋ ಕೂತು ಸೌದೆ ತೂಗಿರುತ್ತಾರೆ. ನಮ್ಮಲ್ಲಿ ಕಾರ್ಬನ್ ಕ್ರೆಡಿಟ್ ಬಗ್ಗೆ ಎರಡೇ ಮಾತು ಕೇಳಿಬರುತ್ತವೆ. ಒಂದೋ ಅದು ಭೂಮಿ ಉಳಿಸುವ ದಾರಿ, ಇಲ್ಲಾಂದ್ರೆ ಪೂರಾ ಮೋಸ. ತೂಗುವವರ ಬಗ್ಗೆ ಮಾತೇ ಇಲ್ಲ. ಅವರ ಲೆಕ್ಕ ಎಲ್ಲಿ ಗಟ್ಟಿ ನಿಲ್ಲುತ್ತದೆ, ಎಲ್ಲಿ ಜಾರುತ್ತದೆ ಎಂದು ನೋಡದೆ ಎರಡರಲ್ಲಿ ಯಾವ ಮಾತನ್ನೂ ಆಡಲು ಬರುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ದರ್ಶಿನಿಯ ಲೆಕ್ಕ

ಮೊದಲು ಸುಲಭದ ಭಾಗ. ಒಂದು ಸಂಸ್ಥೆ ವರ್ಷಕ್ಕೆ ಎಷ್ಟು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ? ಇದನ್ನು ಲೆಕ್ಕ ಹಾಕುವುದೇ ಕಾರ್ಬನ್ ಆಡಿಟ್. ಬೆಂಗಳೂರಿನ ಒಂದು ದರ್ಶಿನಿಯನ್ನೇ ತೆಗೆದುಕೊಳ್ಳೋಣ.

ಅಲ್ಲಿ ದೋಸೆ ಕಾವಲಿ ಕೆಳಗೆ ಗ್ಯಾಸ್ ಉರಿಯುತ್ತದೆ. ಇದು ಹೋಟೆಲಿನವರೇ ನೇರವಾಗಿ ಬಿಡುವ ಹೊಗೆ. ಲೆಕ್ಕದವರ ಮಾತಿನಲ್ಲಿ ಸ್ಕೋಪ್ 1. ಗ್ರೈಂಡರು, ಫ್ರಿಜ್ಜು, ಲೈಟು ಕರೆಂಟಿನಿಂದ ನಡೆಯುತ್ತವೆ. ಆ ಕರೆಂಟಿಗಾಗಿ ಕಲ್ಲಿದ್ದಲು ಉರಿದದ್ದು ರಾಯಚೂರಿನಲ್ಲೋ ಬಳ್ಳಾರಿಯಲ್ಲೋ. ಅದು ಸ್ಕೋಪ್ 2. ಇನ್ನು ಹಾಲು, ಕಾಫಿ ಪುಡಿ, ಅಕ್ಕಿ, ತರಕಾರಿ ತರುವ ಟೆಂಪೋ, ಕಸ ಒಯ್ಯುವ ಲಾರಿ ಎಲ್ಲವೂ ಸ್ಕೋಪ್ 3. ಈ ಮೂರು ಪಾಲು ಮಾಡಿ ಲೆಕ್ಕ ಬರೆಯುವ ಪದ್ಧತಿಯನ್ನು ರೂಪಿಸಿದ್ದು ಗ್ರೀನ್‌ಹೌಸ್ ಗ್ಯಾಸ್ ಪ್ರೋಟೋಕಾಲ್. ಮೊದಲ ಆವೃತ್ತಿ ಬಂದದ್ದು 2001ರಲ್ಲಿ. ಇವತ್ತು ಜಗತ್ತಿನ ಬಹುಪಾಲು ಕಂಪನಿಗಳು ಇದನ್ನೇ ಹಿಡಿದು ನಡೆಯುತ್ತವೆ.

ಗ್ಯಾಸಿನ ಲೆಕ್ಕ ಗಟ್ಟಿ ಲೆಕ್ಕ. ಹೋಟೆಲಿನ ಸಿಲಿಂಡರ್‌ನಲ್ಲಿ 19 ಕೆಜಿ ಗ್ಯಾಸ್ ಇರುತ್ತದೆ. ಅದು ಪೂರ್ತಿ ಉರಿದರೆ ಸುಮಾರು 57 ಕೆಜಿ ಇಂಗಾಲದ ಡೈಆಕ್ಸೈಡ್ ಬರುತ್ತದೆ. 19 ಕೆಜಿಯಿಂದ 57 ಕೆಜಿ ಹೇಗೆ ಬರುತ್ತೆ ಅಂತ ಎಲ್ಲರೂ ಕೇಳುತ್ತಾರೆ. ಗ್ಯಾಸಿನಲ್ಲಿರುವ ಇಂಗಾಲ ಉರಿಯುವಾಗ ಗಾಳಿಯ ಆಕ್ಸಿಜನ್ ಜೊತೆ ಸೇರುತ್ತದೆ. ಇಂಗಾಲದ ತೂಕ 12 ಆದರೆ, ಅದಕ್ಕೆ ಅಂಟಿಕೊಳ್ಳುವ ಆಕ್ಸಿಜನ್‌ದು 32. ಒಟ್ಟು 44. ಅಂದರೆ ಉರಿದ ಪ್ರತಿ ಕೆಜಿ ಇಂಗಾಲಕ್ಕೆ ಮೂರೂವರೆ ಕೆಜಿಗೂ ಜಾಸ್ತಿ ಡೈಆಕ್ಸೈಡ್. ಹೆಚ್ಚುವರಿ ತೂಕ ಬಂದದ್ದು ಗಾಳಿಯಿಂದ.

"ಒಂದು ಕೆಜಿ ಗ್ಯಾಸ್‌ಗೆ ಸುಮಾರು ಮೂರು ಕೆಜಿ" ಎಂಬಂಥ ಅಂಕಿಗೆ ಎಮಿಷನ್ ಫ್ಯಾಕ್ಟರ್ ಎನ್ನುತ್ತಾರೆ. ಇವನ್ನು ಕಲೆಹಾಕಿ ಕೊಡುವುದು ಐಪಿಸಿಸಿ ಎಂಬ ವಿಶ್ವಸಂಸ್ಥೆಯ ಹವಾಮಾನ ಸಮಿತಿಯ ಒಂದು ತಂಡ. ಐಪಿಸಿಸಿ ಅಂದ ಕೂಡಲೇ ತಾಪಮಾನ ಏರಿಕೆಯ ಎಚ್ಚರಿಕೆ ಕೊಡುವ ವಿಜ್ಞಾನಿಗಳು ಕಣ್ಣ ಮುಂದೆ ಬರುತ್ತಾರೆ. ಆದರೆ ಅದರಲ್ಲೇ ಲೆಕ್ಕದ ಕೆಲಸಕ್ಕೆಂದೇ ಇರುವ ಒಂದು ಕಾರ್ಯಪಡೆ ಇದೆ. ಅದರ ತಾಂತ್ರಿಕ ಕಚೇರಿ ಇರುವುದು ಜಪಾನಿನಲ್ಲಿ. 2006ರಲ್ಲಿ ಅವರು ಕೊಟ್ಟ ಮಾರ್ಗಸೂಚಿಯೇ ಇವತ್ತಿಗೂ ಎಲ್ಲ ದೇಶಗಳ ಲೆಕ್ಕಕ್ಕೆ ಆಧಾರ. ಯಾವ ಇಂಧನ, ಯಾವ ಮಣ್ಣು, ಯಾವ ದನ, ಎಷ್ಟು ಅನಿಲ ಎಂದು ಸಂಪುಟಗಟ್ಟಲೆ ಕೋಷ್ಟಕ.

ಕರೆಂಟಿನ ಅಂಕಿ ದೇಶದಿಂದ ದೇಶಕ್ಕೆ ಬೇರೆ. ನಮ್ಮಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರ ಅದನ್ನು ಪ್ರಕಟಿಸುತ್ತದೆ. ಈಗ ಒಂದು ಯೂನಿಟ್‌ಗೆ ಸುಮಾರು 0.7 ಕೆಜಿ. ಬೆಸ್ಕಾಂ ಬಿಲ್ ಕೈಯಲ್ಲಿ ಹಿಡಿದು ಯೂನಿಟ್ಟುಗಳನ್ನು 0.7ರಿಂದ ಗುಣಿಸಿದರೆ ನಿಮ್ಮ ಮನೆಯ ಲೆಕ್ಕ ನೀವೇ ಮಾಡಬಹುದು.

ಕಷ್ಟ ಶುರುವಾಗುವುದು ಹಾಲಿನಿಂದ. ಹಸು ಮೆಲುಕು ಹಾಕುವಾಗ ಅದರ ಹೊಟ್ಟೆಯಲ್ಲಿ ಮೀಥೇನ್ ಹುಟ್ಟುತ್ತದೆ. ಬಹುಪಾಲು ತೇಗಿನಲ್ಲಿ ಹೊರಬರುತ್ತದೆ. ಮೀಥೇನ್ ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಹೆಚ್ಚು ಬಿಸಿ ಮಾಡುತ್ತದೆ. ಹಾಗಾದರೆ ಒಂದು ಹಸು ಎಷ್ಟು ತೇಗುತ್ತದೆ? ಅದನ್ನೂ ಅಳೆಯುತ್ತಾರೆ. ಮೇಯುವ ದನದ ಕೊರಳಿಗೆ ಗಾಳಿ ಹಿಡಿಯುವ ಡಬ್ಬಿ ಕಟ್ಟಿ, ಮೂಗಿನ ಹತ್ತಿರಕ್ಕೆ ಸಣ್ಣ ಕೊಳವೆ ತಂದು, ಉಸಿರು-ತೇಗು ಹಿಡಿದು ಲ್ಯಾಬಿನಲ್ಲಿ ನೋಡುತ್ತಾರೆ. ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯ ವಿಜ್ಞಾನಿಗಳು ಭಾರತದ ದನಗಳ ಮೀಥೇನ್ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಇದು ಬೇಕಿತ್ತು. ಹುಲ್ಲು, ರಾಗಿ ಕಡ್ಡಿ ತಿನ್ನುವ ನಮ್ಮ ನಾಟಿ ಹಸುವಿಗೂ, ದಿನವಿಡೀ ದಾಣಿ ತಿನ್ನುವ ಯುರೋಪಿನ ಹಸುವಿಗೂ ಒಂದೇ ಅಂಕಿ ಹಾಕಿದರೆ ಲೆಕ್ಕ ತಪ್ಪುತ್ತದೆ ಅಲ್ವಾ.

ಇಷ್ಟಾದರೂ ಇದು ಸುಲಭದ ಭಾಗವೇ. ಏಕೆಂದರೆ ಇಲ್ಲಿ ಎಣಿಸುವುದು ನಿಜವಾಗಿ ಎದ್ದ ಹೊಗೆಯನ್ನು. ಸಿಲಿಂಡರ್ ಬಿಲ್ ಇದೆ, ಮೀಟರ್ ಇದೆ, ಹಾಲಿನ ಡೈರಿ ಲೆಕ್ಕ ಇದೆ.

ಬಾಗೇಪಲ್ಲಿಯ ಗೋಬರ್ ಗ್ಯಾಸ್

ಆಫ್‌ಸೆಟ್ ಬೇರೆಯೇ ಕಥೆ. "ನಾನು ಇಷ್ಟು ಹೊಗೆ ಬಿಟ್ಟೆ. ಅದನ್ನು ಸರಿದೂಗಿಸಲು ಬೇರೆ ಕಡೆ ಅಷ್ಟೇ ಹೊಗೆ ಏಳದಂತೆ ದುಡ್ಡು ಕೊಟ್ಟೆ" ಎನ್ನುವುದು ಅದರ ತಿರುಳು. ಒಂದು ಕ್ರೆಡಿಟ್ ಅಂದರೆ ಒಂದು ಟನ್. ಅಕ್ಕಿ ಮೂಟೆ ಕೊಂಡರೆ ತೂಕಕ್ಕೆ ಇಟ್ಟು ನೋಡಬಹುದು. ಏಳದ ಹೊಗೆಯನ್ನು ಯಾವ ತಕ್ಕಡಿಯಲ್ಲಿ ಇಡುವುದು?

ಹೊಗೆ ತಗ್ಗಿಸಲು ದೇಶಗಳು ಮಾಡಿಕೊಂಡ 1997ರ ಕ್ಯೋಟೋ ಒಪ್ಪಂದ ಇದಕ್ಕೆ ಒಂದು ವ್ಯವಸ್ಥೆ ಮಾಡಿತು. ಕ್ಲೀನ್ ಡೆವಲಪ್‌ಮೆಂಟ್ ಮೆಕ್ಯಾನಿಸಂ, ಚಿಕ್ಕದಾಗಿ ಸಿಡಿಎಂ. ಶ್ರೀಮಂತ ದೇಶಗಳು ಬಡ ದೇಶಗಳ ಯೋಜನೆಗಳಿಂದ ಕ್ರೆಡಿಟ್ ಕೊಳ್ಳಬಹುದಿತ್ತು. ಇದರಡಿ ಜಗತ್ತಿನಲ್ಲೇ ಮೊದಮೊದಲು ನೋಂದಣಿಯಾದ ಮನೆಮಟ್ಟದ ಯೋಜನೆಗಳಲ್ಲಿ ಒಂದು ನಮ್ಮ ಬಾಗೇಪಲ್ಲಿಯದು. ಆಗ ಅದು ಕೋಲಾರ ಜಿಲ್ಲೆಯಲ್ಲಿತ್ತು. ಚಿಕ್ಕಬಳ್ಳಾಪುರ ಜಿಲ್ಲೆ ಆದದ್ದು 2007ರಲ್ಲಿ. ಅಲ್ಲಿನ ಕೂಲಿ ಸಂಘದ ಸದಸ್ಯರ ಮನೆಗಳಲ್ಲಿ 5,500 ಗೋಬರ್ ಗ್ಯಾಸ್ ಘಟಕ ಕಟ್ಟುವ ಯೋಜನೆ. ಒಂದೊಂದೂ ಎರಡು ಘನ ಮೀಟರಿನದು. 2005ರ ಡಿಸೆಂಬರ್‌ನಲ್ಲಿ ನೋಂದಣಿ. ಸೌದೆ, ಸೀಮೆಎಣ್ಣೆ ಬಿಟ್ಟು ಸಗಣಿ ಗ್ಯಾಸಿನಲ್ಲಿ ಅಡುಗೆ ಮಾಡಿದರೆ ಒಟ್ಟು ವರ್ಷಕ್ಕೆ ಸುಮಾರು ಹತ್ತೊಂಬತ್ತೂವರೆ ಸಾವಿರ ಟನ್ ಉಳಿಯುತ್ತದೆ ಎಂದು ದಾಖಲೆಯಲ್ಲಿ ಬರೆದರು. ಮನೆಗೆ ಮೂರೂವರೆ ಟನ್.

ಬರದ ಸೀಮೆ ಅದು. ಆ ಸೀಮೆಯ ಕೂಲಿ ಮಾಡುವ ಹೆಂಗಸಿಗೆ ಬೆಳಿಗ್ಗೆ ಹೊಗೆಯಿಲ್ಲದ ಒಲೆ ಸಿಗುವುದು ಎಷ್ಟು ದೊಡ್ಡ ವಿಷಯ ಎಂದು ನಾನು ಹೇಳಬೇಕಿಲ್ಲ. ಈ ದುಡ್ಡು ಬಾರದಿದ್ದರೆ ಅಷ್ಟು ಮನೆಗಳಲ್ಲಿ ಘಟಕ ಕಟ್ಟುವುದು ಕಷ್ಟವೇ ಇತ್ತು. ನನ್ನ ಮಟ್ಟಿಗೆ ಕಾರ್ಬನ್ ದುಡ್ಡು ಹೋಗಬೇಕಾದ ಕಡೆಯೇ ಹೋಯಿತು. ಈಗ ಆ "ಮನೆಗೆ ಇಷ್ಟು ಟನ್" ಎಂಬ ಮಾತಿನ ಒಳಗೆ ಇಳಿಯೋಣ. ಅಂಥ ಅಂಕಿ ಹೇಗೆ ಹುಟ್ಟುತ್ತದೆ?

ಬಾಗೇಪಲ್ಲಿಯ ಲೆಕ್ಕವನ್ನೇ ಬಿಡಿಸುತ್ತಿಲ್ಲ, ತಿಳಿಯಲು ಸುಲಭವಾಗಲಿ ಎಂದು ಒಂದು ಸಾದಾ ಮನೆಯನ್ನು ತೆಗೆದುಕೊಳ್ಳುತ್ತೇನೆ. ದಿನಕ್ಕೆ 8 ಕೆಜಿ ಸೌದೆ ಉರಿಸುವ ಮನೆ. ವರ್ಷಕ್ಕೆ 2.9 ಟನ್ ಆಯಿತು. ಐಪಿಸಿಸಿ ಕೋಷ್ಟಕದ ಪ್ರಕಾರ ಒಂದು ಟನ್ ಸೌದೆ ಉರಿದರೆ ಸುಮಾರು 1.75 ಟನ್ ಇಂಗಾಲದ ಡೈಆಕ್ಸೈಡ್. ಗುಣಿಸಿದರೆ 5.1 ಟನ್. ಗ್ಯಾಸ್ ಬಂದು ಸೌದೆ ಪೂರ್ತಿ ನಿಂತರೆ 5.1 ಕ್ರೆಡಿಟ್ ಕೊಡಬಹುದಾ?

ಕೊಡಬಾರದು. ಮರ ಮತ್ತೆ ಚಿಗುರುತ್ತದೆ. ಚಿಗುರಿದ ಮರ ಅದೇ ಇಂಗಾಲವನ್ನು ಗಾಳಿಯಿಂದ ವಾಪಸ್ ಎಳೆದುಕೊಳ್ಳುತ್ತದೆ. ಬಯಲುಸೀಮೆಯ ಬಳ್ಳಾರಿ ಜಾಲಿಯನ್ನು ನೆನಪಿಸಿಕೊಳ್ಳಿ. ಈ ವರ್ಷ ಕಡಿದರೆ ಬುಡದಿಂದ ನಾಲ್ಕು ಕವಲು ಎದ್ದು ಬರುತ್ತದೆ. ಅದನ್ನು ಉರಿಸಿದರೆ ಗಾಳಿಗೆ ಬಿಟ್ಟದ್ದು ಸ್ವಲ್ಪ ಕಾಲದಲ್ಲೇ ಹಿಂದಕ್ಕೆ ಬರುತ್ತದೆ. ಬೆಟ್ಟದ ಹಳೇ ಮರ ಉರುಳಿಸಿ, ಅಲ್ಲಿ ಮತ್ತೆ ಏನೂ ಬೆಳೆಯದೆ ಹೋದರೆ ಮಾತ್ರ ಅದು ನಷ್ಟ. ಹಾಗಾಗಿ ಲೆಕ್ಕದವರು ಇನ್ನೊಂದು ಅಂಕಿ ಸೇರಿಸುತ್ತಾರೆ. ಉರಿಸಿದ ಸೌದೆಯಲ್ಲಿ ಮರಳಿ ಬೆಳೆಯದ ಪಾಲು ಎಷ್ಟು? ನೂರಕ್ಕೆ 90 ಎಂದರೆ ನಮ್ಮ ಉದಾಹರಣೆಯ ಮನೆಗೆ 4.6 ಕ್ರೆಡಿಟ್. ನೂರಕ್ಕೆ 30 ಎಂದರೆ 1.5 ಕ್ರೆಡಿಟ್. ಅದೇ ಮನೆ, ಅದೇ ಒಲೆ, ಅದೇ ಹೆಂಗಸು. ಒಂದು ಅಂಕಿ ಬದಲಾದ್ದಕ್ಕೆ ಮೂರು ಪಟ್ಟು ವ್ಯತ್ಯಾಸ.

ಈ ಅಂಕಿ ತಕ್ಕಡಿಯಲ್ಲಿ ಸಿಗುವುದಿಲ್ಲ. ಸುತ್ತಲಿನ ಕಾಡು, ಗೋಮಾಳ, ಹೊಲದ ಬದು ಎಲ್ಲ ಕಡೆ ವರ್ಷಕ್ಕೆ ಎಷ್ಟು ಮರ ಬೆಳೆಯುತ್ತದೆ, ಜನ ಎಷ್ಟು ದೂರ ಹೋಗಿ ಎಷ್ಟು ತರುತ್ತಾರೆ ಎಂದು ಗೊತ್ತಿರಬೇಕು. ಬಹಳ ವರ್ಷ ಯೋಜನೆಗಳವರು ಇದನ್ನು 80, 90 ಎಂದು ಬರೆದುಕೊಂಡೇ ಬಂದರು. 2015ರಲ್ಲಿ ರಾಬ್ ಬೈಲಿಸ್, ರೂಡಿ ಡ್ರೀಗೊ, ಏಡ್ರಿಯನ್ ಗಿಲಾರ್ದಿ, ಒಮರ್ ಮಸೇರಾ ಎಂಬ ವಿಜ್ಞಾನಿಗಳು ಜಗತ್ತಿನ ಉಷ್ಣವಲಯವನ್ನೆಲ್ಲ ನಕ್ಷೆಯ ಮೇಲೆ ಹಾಕಿ ಲೆಕ್ಕ ಮಾಡಿದರು. ಒಟ್ಟು ಸೌದೆಯಲ್ಲಿ ಮರಳಿ ಬೆಳೆಯದ ಪಾಲು ನೂರಕ್ಕೆ 27ರಿಂದ 34 ಅಷ್ಟೇ ಎಂದು ಬಂತು. ಕೆಲವು ಕಡೆ ಅದಕ್ಕಿಂತ ಬಹಳ ಜಾಸ್ತಿ, ಕೆಲವು ಕಡೆ ಬಹಳ ಕಮ್ಮಿ. ಆದರೆ ಎಲ್ಲ ಕಡೆಯೂ ತೊಂಬತ್ತು ಎನ್ನುವುದಂತೂ ನಿಲ್ಲಲಿಲ್ಲ.

ನನಗೆ ಇಲ್ಲಿ ನಮ್ಮವರದೇ ಹಳೆಯ ಕೆಲಸ ನೆನಪಾಗುತ್ತದೆ. 1974ರಲ್ಲಿ ಅಮೂಲ್ಯ ರೆಡ್ಡಿ ಅವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಸ್ತ್ರ ಎಂಬ ತಂಡ ಕಟ್ಟಿದರು. ಹಳ್ಳಿಗೆ ಬೇಕಾದ ತಂತ್ರಜ್ಞಾನ ಮಾಡಬೇಕು ಎಂಬುದು ಗುರಿ. ಹೊಸ ಒಲೆ ಮಾಡುವ ಮೊದಲು ಅವರು ತುಮಕೂರು ಜಿಲ್ಲೆ ಉಂಗ್ರದ ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಕೇಳಿದರು. ಸೌದೆ ಎಲ್ಲಿಂದ ತರ್ತೀರಿ, ಯಾರು ತರ್ತಾರೆ, ಎಷ್ಟು ಹೊತ್ತು ಬೇಕಾಗುತ್ತೆ? ಹಳ್ಳಿಯ ಶಕ್ತಿಯಲ್ಲಿ ಬಹುದೊಡ್ಡ ಪಾಲು ಸೌದೆಯದು ಎಂದು ತಿಳಿಯಿತು. ಅದರಲ್ಲಿ ದುಡ್ಡು ಕೊಟ್ಟು ಕೊಂಡದ್ದು ಬಹಳ ಕಮ್ಮಿ, ಹೆಚ್ಚಿನದು ಮನೆಯವರೇ ಆಯ್ದು ತಂದದ್ದು. ಆಯ್ದು ತಂದ ಪುಳ್ಳೆ ಬೇರೆ, ಕೊಡಲಿ ಹಾಕಿ ಉರುಳಿಸಿದ ಮರ ಬೇರೆ. ಕಾರ್ಬನ್ ಮಾರುಕಟ್ಟೆ ಹುಟ್ಟುವ ಎಷ್ಟೋ ಮೊದಲೇ, ಅದಕ್ಕೆ ಬೇಕಾಗಲಿದ್ದ ಪ್ರಶ್ನೆಯನ್ನು ಅವರು ಬಾಗಿಲಲ್ಲಿ ನಿಂತು ಕೇಳಿದ್ದರು. ಅದೇ ಸಂಸ್ಥೆಯ ಎನ್. ಎಚ್. ರವೀಂದ್ರನಾಥ್ ಅವರು ಮುಂದೆ ಐಪಿಸಿಸಿಯ ಲೇಖಕರಾದರು. ಕಾಡಿನ, ಮಣ್ಣಿನ ಇಂಗಾಲ ಅಳೆಯುವುದು ಹೇಗೆಂದು ಜಗತ್ತಿನವರು ಬಳಸುವ ಕೈಪಿಡಿ ಬರೆದವರಲ್ಲಿ ಅವರೂ ಒಬ್ಬರು.

ಹಂಡೆ ಒಲೆ

ನಮ್ಮ ಅಜ್ಜಿ ಮನೆಯಲ್ಲಿ ಗೋಬರ್ ಗ್ಯಾಸ್ ಇತ್ತು. ಹಿತ್ತಲಲ್ಲಿ ಸಗಣಿ ಕಲಸುವ ತೊಟ್ಟಿ, ಅದರಾಚೆ ಗುಮ್ಮಟ. ಬೆಳಿಗ್ಗೆ ಕಾಫಿ, ಅನ್ನ, ಸಾರು ಎಲ್ಲ ಆ ನೀಲಿ ಉರಿಯಲ್ಲೇ. ಆದರೆ ಬಚ್ಚಲ ಹಂಡೆಗೆ ಸೌದೆಯೇ. ತೆಂಗಿನ ಮಟ್ಟೆ, ಚಿಪ್ಪು, ತೋಟದ ಕಡ್ಡಿ ಎಲ್ಲ ಅಲ್ಲಿಗೆ. ಚಳಿಗಾಲದಲ್ಲಿ ಸಗಣಿ ಗ್ಯಾಸ್ ಸರಿಯಾಗಿ ಬರುತ್ತಿರಲಿಲ್ಲ. ಆಗ ಮುದ್ದೆಗೂ ಮತ್ತೆ ಹಳೇ ಒಲೆಯೇ. ಯಾರಾದರೂ ಬಂದು "ಗ್ಯಾಸ್ ಬಳಸ್ತೀರಾ?" ಎಂದು ಕೇಳಿದ್ದರೆ ಅಜ್ಜಿ "ದಿನಾ ಬಳಸ್ತೀವಪ್ಪ" ಎನ್ನುತ್ತಿದ್ದಳು. ಸುಳ್ಳೇನಲ್ಲ. ಆದರೆ "ಸೌದೆ ಬಿಟ್ರಾ?" ಎಂಬುದು ಬೇರೆ ಪ್ರಶ್ನೆ.

ಹೊಸ ಒಲೆ ಬಂದಮೇಲೂ ಹಳೆಯದು ಜೊತೆಗೆ ಉರಿಯುತ್ತಲೇ ಇರುವುದು ಪ್ರಪಂಚದ ಎಲ್ಲ ಕಡೆ ಕಂಡದ್ದು. ಒಂದು ಒಲೆಯ ಮೇಲೆ ಇನ್ನೊಂದು ಸೇರಿಕೊಳ್ಳುತ್ತದೆ ಎಂದು ತಜ್ಞರು ಇದನ್ನು ಸ್ಟ್ಯಾಕಿಂಗ್ ಎನ್ನುತ್ತಾರೆ. ಬಾಯಿಮಾತಿನ ಸರ್ವೆಯಲ್ಲಿ ಇದು ಸಿಕ್ಕುವುದೇ ಇಲ್ಲ. ಮನೆಗೆ ಬಂದವರ ಮನಸ್ಸು ನೋಯಿಸಬಾರದು ಎಂದು ಜನ ಒಳ್ಳೆಯದನ್ನೇ ಹೇಳುತ್ತಾರೆ. ಒಲೆ ಸುಮ್ನೆ ಕೊಟ್ಟವರು ಬಂದು ಕೇಳಿದರಂತೂ ಇನ್ನೂ ಜಾಸ್ತಿ.

ಇದಕ್ಕೆ ಒಂದು ಚಂದದ ಪರಿಹಾರ ಬಂತು. ಅಂಗಿ ಗುಂಡಿಯಷ್ಟು ಚಿಕ್ಕ ತಾಪಮಾಪಕ. ಸ್ಟೀಲಿನದು. ಒಳಗೆ ಬ್ಯಾಟರಿ, ನೆನಪು ಎರಡೂ ಇದೆ. ಒಲೆಯ ಪಕ್ಕಕ್ಕೆ ಅಂಟಿಸಿದರೆ ಹತ್ತಿಪ್ಪತ್ತು ನಿಮಿಷಕ್ಕೊಮ್ಮೆ ಎಷ್ಟು ಬಿಸಿ ಎಂದು ಬರೆದಿಟ್ಟುಕೊಳ್ಳುತ್ತದೆ. ತಿಂಗಳ ನಂತರ ತೆಗೆದು ಕಂಪ್ಯೂಟರಿಗೆ ಹಾಕಿದರೆ ಆ ಒಲೆ ಯಾವ ದಿನ, ಎಷ್ಟು ಹೊತ್ತಿಗೆ ಉರಿಯಿತು ಎಂದು ಏರಿಳಿತದ ಗೆರೆ ಮೂಡುತ್ತದೆ. ಹೊಸ ಒಲೆಗೂ ಹಳೆಯದಕ್ಕೂ ಒಂದೊಂದು ಅಂಟಿಸಿದರೆ ನಿಜ ತಿಳಿಯುತ್ತದೆ. ಇದನ್ನು ಒಲೆಗೆ ತಂದದ್ದು ಬರ್ಕ್ಲಿ ವಿಶ್ವವಿದ್ಯಾಲಯದ ಕರ್ಕ್ ಸ್ಮಿತ್ ಅವರ ತಂಡ. 2020ರಲ್ಲಿ ತೀರಿಕೊಂಡ ಸ್ಮಿತ್, ಎಂಬತ್ತರ ದಶಕದ ಆರಂಭದಲ್ಲೇ ಗುಜರಾತಿನ ಅಡುಗೆಮನೆಗಳಲ್ಲಿ ಹೊಗೆ ಅಳೆದವರು. ಅವರಿಗೆ ಮುಖ್ಯವಾಗಿದ್ದು ಒಲೆ ಮುಂದೆ ಕೂತ ಹೆಂಗಸಿನ ಎದೆಗೂಡು. ಅದಕ್ಕೇ ಇರಬೇಕು, ಅಳತೆಯಲ್ಲಿ ಅಷ್ಟು ನಿಷ್ಠುರ.

2024ರ ಜನವರಿಯಲ್ಲಿ ಅದೇ ವಿಶ್ವವಿದ್ಯಾಲಯದ ಅನಲೀಸ್ ಗಿಲ್-ವೀಲ್, ಡೇನಿಯಲ್ ಕ್ಯಾಮನ್, ಬಾರ್ಬರಾ ಹಾಯಾ ಒಲೆ ಯೋಜನೆಗಳ ಲೆಕ್ಕವನ್ನೆಲ್ಲ ಮತ್ತೆ ಮಾಡಿದರು. ಮರಳಿ ಬೆಳೆಯದ ಪಾಲು, ಹಳೇ ಒಲೆಯ ಬಳಕೆ, ಮನೆಗೆ ಎಷ್ಟು ಸೌದೆ, ಇವೆಲ್ಲಕ್ಕೂ ಪ್ರಕಟವಾದ ಸಂಶೋಧನೆಯ ಅಂಕಿ ಹಾಕಿ ನೋಡಿದರು. ಅವರು ಆರಿಸಿಕೊಂಡ ಯೋಜನೆಗಳು ಸರಾಸರಿ 9.2 ಪಟ್ಟು ಜಾಸ್ತಿ ಕ್ರೆಡಿಟ್ ಪಡೆದಿವೆ ಎಂದು ಬಂತು. ಪತ್ರಿಕೆಗಳು ಹಿಡಿದದ್ದು ಇಷ್ಟನ್ನೇ. ಆದರೆ ಅದೇ ಅಧ್ಯಯನದಲ್ಲಿ ಇನ್ನೊಂದು ಮಾತಿದೆ. ಇಂಧನವನ್ನು ಮೀಟರಿನಿಂದ ನೇರವಾಗಿ ಅಳೆಯುವ ವಿಧಾನದಲ್ಲಿ ಈ ಹೆಚ್ಚಳ ಒಂದೂವರೆ ಪಟ್ಟು ಅಷ್ಟೇ. ಅಂದರೆ ಅಂದಾಜು ಬಿಟ್ಟು ಅಳೆದಷ್ಟೂ ಲೆಕ್ಕ ನಿಜದ ಹತ್ತಿರ ಬರುತ್ತದೆ. ನನಗೆ ಇದು ತಲೆಬರಹಕ್ಕಿಂತ ದೊಡ್ಡ ಸುದ್ದಿ.

ಹೇಗಿದ್ದರೂ ಆಗುತ್ತಿತ್ತಾ?

ಇನ್ನೊಂದು ಪ್ರಶ್ನೆ ಇದಕ್ಕಿಂತ ಕಷ್ಟ. ಕಾರ್ಬನ್ ದುಡ್ಡು ಬಾರದಿದ್ದರೂ ಆ ಕೆಲಸ ಆಗುತ್ತಿತ್ತಾ? ಆಗುತ್ತಿದ್ದರೆ ಕ್ರೆಡಿಟ್‌ಗೆ ಅರ್ಥವೇ ಇಲ್ಲ. ಕೊಂಡವರು ಅದರ ಹೆಸರಲ್ಲಿ ಹೊಗೆ ಬಿಡುತ್ತಾರೆ, ಇಲ್ಲಿ ಹೊಸದೇನೂ ಉಳಿಯುವುದಿಲ್ಲ. ಒಟ್ಟು ಹೊಗೆ ಹೆಚ್ಚೇ ಆಯಿತು.

ಚಿತ್ರದುರ್ಗ, ಗದಗದ ಕಡೆ ಹೋದವರು ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರ ನೋಡಿರುತ್ತೀರಿ. ದೇಶದಲ್ಲಿ ಇಂಥ ನೂರಾರು ಗಾಳಿ ವಿದ್ಯುತ್ ಯೋಜನೆಗಳು ಸಿಡಿಎಂ ಕ್ರೆಡಿಟ್ ಪಡೆದವು. ರಾಫೇಲ್ ಕ್ಯಾಲೆಲ್, ಜೋನಾಥನ್ ಕೋಲ್ಮರ್ ಮತ್ತು ಜೊತೆಗಾರರು ಭಾರತದ ಈ ಯೋಜನೆಗಳನ್ನು ತೆಗೆದುಕೊಂಡು ಒಂದು ಸರಳ ಯುಕ್ತಿ ಹೂಡಿದರು. ಕ್ರೆಡಿಟ್ ಪಡೆದ ಯೋಜನೆಯ ಪಕ್ಕದಲ್ಲಿ, ಕ್ರೆಡಿಟ್ ಇಲ್ಲದೆಯೇ ಕಟ್ಟಿದ ಯೋಜನೆಯನ್ನು ಇಟ್ಟು ನೋಡಿದರು. ಕಡಿಮೆ ಗಾಳಿ ಬೀಸುವ, ಕಡಿಮೆ ಲಾಭದ ಜಾಗದಲ್ಲಿ ಯಾರ ಸಹಾಯವೂ ಇಲ್ಲದೆ ಗಾಳಿಯಂತ್ರ ಎದ್ದಿದೆ. ಅದಕ್ಕಿಂತ ಒಳ್ಳೆಯ ಜಾಗದಲ್ಲಿ ಕಟ್ಟಿದವರು "ಕಾರ್ಬನ್ ದುಡ್ಡು ಇಲ್ಲದಿದ್ದರೆ ನಮಗೆ ಸಾಧ್ಯವೇ ಇರಲಿಲ್ಲ" ಎಂದು ಹೇಳಿ ಕ್ರೆಡಿಟ್ ಪಡೆದಿದ್ದಾರೆ. ಇದು ನಂಬುವ ಮಾತಾ? ಹೀಗೆ ಲೆಕ್ಕ ಹಾಕಿದಾಗ ಕನಿಷ್ಠ ನೂರಕ್ಕೆ 52 ಕ್ರೆಡಿಟ್‌ಗಳು ಹೇಗಿದ್ದರೂ ಆಗುತ್ತಿದ್ದ ಯೋಜನೆಗಳಿಗೆ ಹೋಗಿವೆ ಎಂದು ತಿಳಿಯಿತು. ಗಾಳಿಯಂತ್ರ ಒಳ್ಳೆಯದೇ, ಅದು ತಿರುಗಲಿ. ತಪ್ಪು ಇರುವುದು ಅದರ ಹೆಸರಲ್ಲಿ ಬೇರೆಯವರಿಗೆ ಕೊಟ್ಟ ರಸೀದಿಯಲ್ಲಿ.

ಕಾಡು ಉಳಿಸುವ ಯೋಜನೆಗಳದ್ದೂ ಇದೇ ಗೋಳು. ಒಂದು ಮರದಲ್ಲಿ ಎಷ್ಟು ಇಂಗಾಲ ಇದೆ ಎಂದು ಹೇಳುವುದು ತಕ್ಕಮಟ್ಟಿಗೆ ಸಾಧ್ಯ. ಎದೆಮಟ್ಟದಲ್ಲಿ ಟೇಪು ಸುತ್ತಿ ಸುತ್ತಳತೆ ತೆಗೆಯುತ್ತಾರೆ, ಎತ್ತರ ನೋಡುತ್ತಾರೆ, ಆ ಜಾತಿಯ ಮರ ಎಷ್ಟು ಗಟ್ಟಿ ಎಂದು ಕೋಷ್ಟಕ ನೋಡುತ್ತಾರೆ, ಸೂತ್ರಕ್ಕೆ ಹಾಕುತ್ತಾರೆ. ಒಣ ಮರದ ತೂಕದಲ್ಲಿ ಸುಮಾರು ಅರ್ಧ ಇಂಗಾಲ. ಈ ಸೂತ್ರಗಳು ಹುಟ್ಟಿದ್ದು ಸಾವಿರಾರು ಮರಗಳನ್ನು ನಿಜವಾಗಿ ಕಡಿದು, ಕೊಂಬೆ-ಎಲೆ ಸಮೇತ ತೂಗಿದ ಕೆಲಸದಿಂದ. ಪಕ್ಕದ ಮುದುಮಲೈ ಕಾಡಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ತಂಡ ಎಂಬತ್ತರ ದಶಕದ ಕೊನೆಯಿಂದ 50 ಹೆಕ್ಟೇರಿನಲ್ಲಿ ಮರಮರಕ್ಕೂ ನಂಬರು ಹಾಕಿ ಅಳೆಯುತ್ತಲೇ ಬಂದಿದೆ. ಇಂಥ ತಾಳ್ಮೆ ಇಲ್ಲದೆ ಕಾಡಿನ ಯಾವ ಅಂಕಿಯೂ ನಿಲ್ಲುವುದಿಲ್ಲ.

ಆದರೆ "ಯೋಜನೆ ಇಲ್ಲದಿದ್ದರೆ ಈ ಕಾಡು ಎಷ್ಟು ನಾಶ ಆಗುತ್ತಿತ್ತು" ಎಂಬುದಕ್ಕೆ ಟೇಪು ಸಾಲದು. 2023ರಲ್ಲಿ ಥಾಲೆಸ್ ವೆಸ್ಟ್ ಮತ್ತು ಸಂಗಡಿಗರು ಆರು ದೇಶಗಳ ಇಂಥ ಯೋಜನೆಗಳನ್ನು ಪರೀಕ್ಷಿಸಿದರು. ಪ್ರತಿ ಯೋಜನೆಗೂ ಅದನ್ನೇ ಹೋಲುವ ಬೇರೆ ಕಾಡುಗಳನ್ನು ಜೋಡಿಯಾಗಿ ಇಟ್ಟು, ಉಪಗ್ರಹದ ಚಿತ್ರದಲ್ಲಿ ಎರಡೂ ಕಡೆ ಏನಾಯಿತು ನೋಡಿದರು. ಲೆಕ್ಕಕ್ಕೆ ಸಿಕ್ಕ 18 ಯೋಜನೆಗಳ ಕ್ರೆಡಿಟ್‌ಗಳಲ್ಲಿ ನೂರಕ್ಕೆ ಆರರಷ್ಟು ಮಾತ್ರ ನಿಜವಾದ ಉಳಿತಾಯಕ್ಕೆ ಹೊಂದಿಕೆಯಾಯಿತು. ಯೋಜನೆಯವರು ಈ ಹೋಲಿಕೆಯ ವಿಧಾನವನ್ನೇ ಒಪ್ಪಲಿಲ್ಲ. ವಾದ ನಡೆದಿದೆ. ನಡೆಯಲಿ, ವಿಜ್ಞಾನ ಮುಂದೆ ಹೋಗುವುದೇ ಹಾಗೆ.

ಸಂಬಳ ಕೊಡುವವರು ಯಾರು

ಇಷ್ಟೆಲ್ಲ ಓದಿದವರಿಗೆ ಒಂದು ಅನುಮಾನ ಬರಬೇಕು. ಇದನ್ನೆಲ್ಲ ನೋಡಲು ಆಡಿಟರ್‌ಗಳು ಇರಲಿಲ್ವಾ? ಇದ್ದರು. ನಿಯಮವೇ ಹಾಗಿದೆ. ಯೋಜನೆ ಶುರುವಾಗುವ ಮೊದಲು ಒಮ್ಮೆ, ಕ್ರೆಡಿಟ್ ಕೊಡುವ ಮೊದಲು ಮತ್ತೊಮ್ಮೆ, ಮಾನ್ಯತೆ ಪಡೆದ ಹೊರಗಿನ ಸಂಸ್ಥೆ ಬಂದು ಕಾಗದ ನೋಡಬೇಕು, ಊರಿಗೆ ಹೋಗಬೇಕು, ಕೆಲವು ಮನೆ ಆರಿಸಿ ಪರಿಶೀಲಿಸಬೇಕು. ಎಂಜಿನಿಯರ್‌ಗಳು, ಅರಣ್ಯಶಾಸ್ತ್ರ ಓದಿದವರು, ಸಂಖ್ಯಾಶಾಸ್ತ್ರದವರು ಈ ಕೆಲಸದಲ್ಲಿದ್ದಾರೆ. ಒಂದು ವಾರದಲ್ಲಿ ಹತ್ತಾರು ಹಳ್ಳಿ ತಿರುಗಿ, ರಾತ್ರಿ ಲಾಡ್ಜಿನಲ್ಲಿ ಕೂತು ಎಕ್ಸೆಲ್ ಶೀಟಿನ ಒಂದೊಂದು ಸಾಲನ್ನೂ ತಾಳೆ ನೋಡುವ ಕೆಲಸ. ಬಹಳಷ್ಟು ಜನ ನಿಯತ್ತಿನವರೇ. ಆದರೂ 2008ರಿಂದ 2010ರ ಒಳಗೆ ಸಿಡಿಎಂ ಮಂಡಳಿ ಕೆಲವು ದೊಡ್ಡ ಆಡಿಟ್ ಸಂಸ್ಥೆಗಳನ್ನೇ ಸ್ವಲ್ಪ ಕಾಲ ಅಮಾನತಿನಲ್ಲಿ ಇಡಬೇಕಾಯಿತು.

ತೊಡಕು ಎಲ್ಲಿದೆ ಎಂದರೆ, ಆಡಿಟರನ್ನು ಆರಿಸುವವರೂ ಅವರಿಗೆ ಫೀಸು ಕೊಡುವವರೂ ಯೋಜನೆಯವರೇ. ಕಟ್ಟುನಿಟ್ಟು ಮಾಡಿದವರಿಗೆ ಮುಂದಿನ ವರ್ಷ ಕೆಲಸ ಸಿಗದೆ ಹೋಗಬಹುದು.

ಇದು ಎಷ್ಟು ಕೆಡಿಸುತ್ತದೆ, ಸರಿಮಾಡಲು ಬರುತ್ತದಾ ಎಂದು ತಿಳಿಯಲು ಒಳ್ಳೆಯ ಪ್ರಯೋಗ ನಡೆದದ್ದು ನಮ್ಮ ದೇಶದಲ್ಲೇ. ಅದು ಕಾರ್ಬನ್‌ನದಲ್ಲ, ಕಾರ್ಖಾನೆಯ ಹೊಗೆ ಧೂಳಿನದು. 2009ರಿಂದ ಎರಡು ವರ್ಷ ಎಸ್ತರ್ ಡಫ್ಲೊ, ಮೈಕಲ್ ಗ್ರೀನ್‌ಸ್ಟೋನ್, ರೋಹಿಣಿ ಪಾಂಡೆ, ನಿಕೋಲಸ್ ರಯಾನ್ ಎಂಬ ಅರ್ಥಶಾಸ್ತ್ರಜ್ಞರು ಗುಜರಾತಿನ ಮಾಲಿನ್ಯ ನಿಯಂತ್ರಣ ಮಂಡಳಿ ಜೊತೆ ಸೇರಿ ಇದನ್ನು ಮಾಡಿದರು. ಚಿಮಣಿ ಹೊಗೆಯಲ್ಲಿ ಘನ ಮೀಟರಿಗೆ 150 ಮಿಲಿಗ್ರಾಂ ಧೂಳು ಮೀರಬಾರದು ಎಂಬುದು ಮಿತಿ. ಹಳೇ ಪದ್ಧತಿಯ ಆಡಿಟರ್‌ಗಳ ವರದಿಗಳು ಹೆಚ್ಚಾಗಿ 150ರ ಸ್ವಲ್ಪ ಕೆಳಗೆ ಬಂದು ಗುಂಪುಗಟ್ಟಿದ್ದವು. ಅವರ ಪ್ರಕಾರ ಮಿತಿ ಮೀರಿದ ಕಾರ್ಖಾನೆಗಳು ನೂರಕ್ಕೆ 7. ಬೇರೆಯವರು ಹೋಗಿ ಅಳೆದಾಗ ನೂರಕ್ಕೆ 59.

ಅರ್ಧದಷ್ಟು ಕಾರ್ಖಾನೆಗಳಿಗೆ ನಿಯಮ ಬದಲಿಸಿದರು. ಯಾವ ಆಡಿಟರ್ ಯಾವ ಕಾರ್ಖಾನೆಗೆ ಎಂದು ಚೀಟಿ ಎತ್ತಿದ ಹಾಗೆ ಹಂಚಿದರು. ಫೀಸು ಒಂದೇ, ಅದೂ ಸಾಮಾನ್ಯ ನಿಧಿಯಿಂದ. ಆಡಿಟರ್ ಅಳೆದು ಹೋದ ಮೇಲೆ ಕೆಲವು ಕಡೆ ಹೇಳದೆ ಕೇಳದೆ ಮತ್ತೊಬ್ಬರು ಹೋಗಿ ಅಳೆದರು. ಎರಡನೇ ವರ್ಷ ಸರಿಯಾಗಿ ಅಳೆದವರಿಗೆ ಜಾಸ್ತಿ ಸಂಭಾವನೆ. ಮಿತಿ ಮೀರಿದ್ದನ್ನು ಸರಿಯಿದೆ ಎಂದು ಬರೆಯುವುದು ನೂರಕ್ಕೆ 80ರಷ್ಟು ಇಳಿಯಿತು. ಆಡಿಟರ್‌ಗಳಲ್ಲಿ ಹಲವರು ಅವರೇ. ಮನುಷ್ಯರು ಬದಲಾಗಲಿಲ್ಲ, ದುಡ್ಡು ಬರುವ ದಾರಿ ಬದಲಾಯಿತು. ಅದಕ್ಕಿಂತ ಖುಷಿಯ ವಿಷಯ, ಆ ಕಾರ್ಖಾನೆಗಳು ನಿಜವಾಗಿ ಮಾಲಿನ್ಯ ಇಳಿಸಿದವು. 2015ರಲ್ಲಿ ಗುಜರಾತ್ ಚೀಟಿ ಪದ್ಧತಿಯನ್ನು ನಿಯಮಕ್ಕೇ ತಂದಿತು.

ಈಗ ಭಾರತ ತನ್ನದೇ ಕಾರ್ಬನ್ ಮಾರುಕಟ್ಟೆ ಕಟ್ಟುತ್ತಿದೆ. 2023ರ ಜೂನ್‌ನಲ್ಲಿ ಯೋಜನೆಯ ಅಧಿಸೂಚನೆ ಬಂತು, ಬ್ಯೂರೋ ಆಫ್ ಎನರ್ಜಿ ಎಫಿಶಿಯೆನ್ಸಿ ಇದರ ಆಡಳಿತ ನೋಡುತ್ತದೆ. ಸಿಮೆಂಟು, ಅಲ್ಯೂಮಿನಿಯಂನಂಥ ಉದ್ಯಮಗಳು ಮೊದಲು, ಜೊತೆಗೆ ಸ್ವಂತ ಇಚ್ಛೆಯಿಂದ ಬರುವ ಆಫ್‌ಸೆಟ್ ಯೋಜನೆಗಳು. ಲೆಕ್ಕ ಪರಿಶೀಲಿಸುವ ಸಂಸ್ಥೆಗಳಿಗೆ ಮಾನ್ಯತೆ ಕೊಡುವ ಕೆಲಸವೂ ಇದರ ಭಾಗ. ಗುಜರಾತಿನ ಪ್ರಯೋಗ ನಡೆದದ್ದು ನಮ್ಮ ನೆಲದಲ್ಲಿ, ನಮ್ಮದೇ ಆಡಿಟರ್‌ಗಳ ಮೇಲೆ. ಹೊಸ ಮಾರುಕಟ್ಟೆಯ ಮೊದಲ ದಿನದಿಂದಲೇ ಚೀಟಿ ಎತ್ತುವ ಹಂಚಿಕೆ ಇರಲಿ, ಫೀಸು ಸಾಮಾನ್ಯ ನಿಧಿಯಿಂದ ಬರಲಿ ಎಂದು ಕೇಳುವ ಹಕ್ಕು ನಮಗಿದೆ. ಆಮೇಲೆ ಸರಿಮಾಡೋಣ ಎಂದರೆ ಅಷ್ಟರಲ್ಲಿ ಕೋಟಿಗಟ್ಟಲೆ ಟನ್ ಕಾಗದದ ಮೇಲೆ ಮಾರಾಟ ಆಗಿರುತ್ತದೆ.

ಹಳ್ಳಿಗಳಿಗೆ ಕಾರ್ಬನ್ ಯೋಜನೆಯವರು ಬರುತ್ತಿದ್ದಾರೆ. ಕೆಲವರು ಒಲೆ ಕೊಡುತ್ತಾರೆ, ಕೆಲವರು ಬದುವಿನ ಮೇಲೆ ಗಿಡ ಹಾಕಿಸುತ್ತಾರೆ. ನಿಮ್ಮೂರಿಗೆ ಬಂದರೆ ಕೂರಿಸಿ ಕಾಫಿ ಕೊಡಿ, ಮಾತಾಡಿಸಿ. ನಮ್ಮ ಮನೆಯ ಕ್ರೆಡಿಟ್ ಯಾರ ಹೆಸರಲ್ಲಿ ಬರೆಯುತ್ತೀರಿ, ನಮ್ಮ ಪಾಲು ಎಷ್ಟು ಎಂದು ಕೇಳಿ. ನಮ್ಮ ಸೀಮೆಯ ಸೌದೆಯಲ್ಲಿ ಮರಳಿ ಬೆಳೆಯದ ಪಾಲು ಎಷ್ಟೆಂದು ಹಾಕಿದ್ದೀರಿ, ಆ ಅಂಕಿ ಎಲ್ಲಿಂದ ತಂದಿರಿ ಎಂದು ಕೇಳಿ. ಆಮೇಲೆ ಅವರನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ ಹಂಡೆ ಒಲೆ ತೋರಿಸಿ. ಅದರ ಪಕ್ಕಕ್ಕೂ ಒಂದು ಗುಂಡಿ ಅಂಟಿಸಿ ಹೋಗುತ್ತಾರಾ ನೋಡಿ.